ಹಲಗೆ ಇಳಿಯುವ ಕಾಲ

ಈಗ ನಿಮಗೆ ಕಾಣುತ್ತಿರುವ ಒಂಬತ್ತು ಕಯಾಕ್‌ಗಳು ನನ್ನ ಭಾವನವರದು. ಸೀತಾ ಮತ್ತು ಸುವರ್ಣಾ ನದಿಗಳು ಕೋಡಿಬೆಂಗ್ರೆಯ ಅಳಿವೆಯಲ್ಲಿ ಕಡಲು ಸೇರುವ ಮುನ್ನ ಹರಡಿಕೊಳ್ಳುವ ಹಿನ್ನೀರಿನ ಒಂದು ತೋಡಿನಲ್ಲಿ, 2021ರಲ್ಲಿ, ಎರಡೇ ಕಯಾಕ್‌ಗಳಿಂದ ಅವರು ಈ ಕೆಲಸ ಆರಂಭಿಸಿದರು. ಜನ ಬರುವುದು ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಕಾಡಿನ ಒಳಗೆ ಹೋಗುವುದಕ್ಕೆ. ಗಿಡದಲ್ಲಿರುವಾಗಲೇ ಮೊಳಕೆಯೊಡೆದು ಹಸಿರು ಕೋಲುಗಳಂತೆ ಜೋತುಬಿದ್ದ ಬೀಜಗಳು ತಲೆಗೆ ತಾಗುವಷ್ಟು ಹತ್ತಿರದಲ್ಲಿ ಹುಟ್ಟು ಹಾಕಬೇಕಾದರೆ ತೋಡಿನಲ್ಲಿ ಭರತ ಏರಿರಬೇಕು. ಇಳಿತದಲ್ಲಿ ಅಲ್ಲಿ ಉಳಿಯುವುದು ಕೆಸರು ಮಾತ್ರ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುವುದರಿಂದ, ಭಾವ ಕಡಲಿನ ಲೆಕ್ಕ ನೋಡದೆ ಯಾರಿಗೂ ಸಮಯ ಕೊಡುವುದಿಲ್ಲ.

ಆ ತಿರುವಿನಾಚೆ ನೆಟ್ಟಿರುವ ಕೆಂಪು ಬಣ್ಣದ ಗೂಟಗಳು ಉಪ್ಪುನೀರು ತಡೆಯಲು ಕಟ್ಟಲಿರುವ ಕಿಂಡಿ ಅಣೆಕಟ್ಟಿನ ಗುರುತು. ಮೇಲೆ ವಾಹನ ಹೋಗುವ ಸೇತುವೆ, ಕೆಳಗೆ ಹಲಗೆ ಇಳಿಸುವ ಕಿಂಡಿಗಳು. ಕಾಮಗಾರಿಗಾಗಿ ಮೊದಲು ತೋಡಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕುತ್ತಾರೆ. ಅದರಿಂದ ಒಂದೆರಡು ವರ್ಷ ನಷ್ಟವಾದರೆ ಹೇಗೋ ತಡೆದುಕೊಳ್ಳಬಹುದು ಎಂದು ನಾನು ಮೊದಲು ಎಣಿಸಿದ್ದೆ. ಆದರೆ ಮಳೆಗಾಲ ಮುಗಿದ ಮೇಲೆ ಇಳಿಸಿದ ಹಲಗೆಯನ್ನು ತೆಗೆಯುವುದು ಮತ್ತೆ ಮಳೆ ಹತ್ತಿರವಾದಾಗ. ಪ್ರವಾಸಿಗರು ಬರುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಹಲಗೆಯ ಒಳಬದಿಗೆ ಆಗ ಭರತವೂ ಇಲ್ಲ, ಇಳಿತವೂ ಇಲ್ಲ. ಬೇರು ದಿನವೂ ನೆನೆದು ಗಾಳಿ ಕಾಣದಿದ್ದರೆ ಕಾಂಡ್ಲಾ ಎಷ್ಟು ವರ್ಷ ತಾಳೀತು?

ಇಷ್ಟಾದರೂ ಈ ಅಣೆಕಟ್ಟು ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ತೋಡಿನ ಮೇಲ್ಬದಿಯಲ್ಲಿರುವ ನನ್ನ ತಾಯಿಯ ಮನೆಯ ಬಾವಿ ಮಾರ್ಚ್ ಬಂದೊಡನೆ ಉಪ್ಪಾಗುತ್ತದೆ, ಅವರು ಸುಗ್ಗಿ ಬೆಳೆ ಬಿಟ್ಟು ಬಹಳ ಕಾಲವಾಯಿತು. ಭಾವನ ಹೊಟ್ಟೆ ತುಂಬಿಸುವ ನೀರೇ ಅಮ್ಮನ ಗದ್ದೆಯನ್ನು ಸುಡುತ್ತಿದೆ.

ಜಾಗ ಬದಲಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಅಳಿವೆಯ ಕಡೆಗೆ ಇಳಿದರೆ ಹಂಗಾರಕಟ್ಟೆಯ ಮೀನುಗಾರಿಕೆ ದೋಣಿಗಳ ಓಡಾಟ, ಜೊತೆಗೆ ಇಳಿತದ ಸೆಳೆತ. ಮೊದಲ ಬಾರಿಗೆ ಹುಟ್ಟು ಹಿಡಿದವರನ್ನು ಅಲ್ಲಿಗೆ ಕರೆದೊಯ್ಯಲಾಗದು.

ಪರಿಹಾರದ ಮಾತೂ ಬಂತು. 2013ರ ಭೂಸ್ವಾಧೀನ ಕಾಯ್ದೆಯು ಮೂರು ವರ್ಷಗಳಿಂದ ನೀರನ್ನೇ ನಂಬಿ ಬದುಕುವ ಮೀನುಗಾರರನ್ನೂ ದೋಣಿಯವರನ್ನೂ ಬಾಧಿತ ಕುಟುಂಬಗಳೆಂದು ಒಪ್ಪುತ್ತದೆ. ಆದರೆ ಅದು ಯಾರದಾದರೂ ಭೂಮಿಯನ್ನು ಸ್ವಾಧೀನಪಡಿಸಿಕೊಂಡಾಗಿನ ಮಾತು. ಇಲ್ಲಿ ಗೂಟ ಬಿದ್ದಿರುವುದು ಸರ್ಕಾರದ್ದೇ ತೋಡಿನಲ್ಲಿ. ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) 2019ರ ಅಧಿಸೂಚನೆಯ ಪ್ರಕಾರ, ಕಾಮಗಾರಿಯಿಂದ ಕಾಂಡ್ಲಾ ನಾಶವಾದರೆ ಕನಿಷ್ಠ ಮೂರು ಪಟ್ಟು ನೆಡಬೇಕು. ಗಿಡಕ್ಕೆ ಇರುವಷ್ಟು ಲೆಕ್ಕ ಭಾವನಿಗಿಲ್ಲ ಎಂದು ನಾನು ನಕ್ಕಾಗ ಅಕ್ಕ ನಗಲಿಲ್ಲ.

ನಾವು ಅರ್ಜಿಯಲ್ಲಿ ಕೇಳಿರುವುದು ಎರಡೇ: ಒಡ್ಡನ್ನು ಅರ್ಧರ್ಧವಾಗಿ ಹಾಕಿ ಒಂದು ಬದಿಯಲ್ಲಿ ನೀರು ಬಿಡಿ, ಅಣೆಕಟ್ಟನ್ನು ಕಾಂಡ್ಲಾ ಕಾಡು ಮುಗಿದ ಮೇಲೆ, ಗದ್ದೆಗಳು ಆರಂಭವಾಗುವಲ್ಲಿ ಕಟ್ಟಿ. ಹಾಗಾದರೆ ಬಾವಿಯೂ ಉಳಿಯುತ್ತದೆ, ಭರತವೂ ಉಳಿಯುತ್ತದೆ. ಅರ್ಜಿ ಪಡೆದ ಎಂಜಿನಿಯರ್ ಸಭ್ಯರು. ನಕ್ಷೆಯನ್ನು ಬಿಡಿಸಿ, ಆ ಜಾಗಕ್ಕೆ ರಸ್ತೆಯ ಸಂಪರ್ಕವಿಲ್ಲ ಎಂದು ಬೆರಳಿಟ್ಟು ತೋರಿಸಿದರು.

ನಾಳೆ ಭರತ ಬೆಳಿಗ್ಗೆ ಏಳೂವರೆಗೆ. ಮಣಿಪಾಲದಿಂದ ಆರು ಮಂದಿ ವಿದ್ಯಾರ್ಥಿಗಳು ಬರುವವರಿದ್ದಾರೆ. ಭಾವ ಲೈಫ್ ಜಾಕೆಟ್‌ಗಳನ್ನು ತೊಳೆದು, ದಡದ ತೆಂಗಿನ ಮರಗಳ ನಡುವೆ ಕಟ್ಟಿದ ಹಗ್ಗಕ್ಕೆ ಹಾಕುತ್ತಿದ್ದಾರೆ.