ಹೊಸ ಬಾಡಿಗೆದಾರರ ಮೊದಲ ದಿನದ ರೊಕ್ಕ: ಚಾವಿ ಕೊಡುವ ಮುಂಚೆ ಏನೇನು ನೋಡಬೇಕು?

[ಪರದೆ ಮೇಲೆ ದೊಡ್ಡದಾಗಿ ಮೂರು ಅಂಕಿ: 56,000 | 45,000 | 50,000]

ನಮಸ್ಕಾರ. ಮೊದಲು ಒಂದು ಜಗಳ ಕೇಳಿ. ಅಂಕಿ ಉದಾಹರಣೆಗೆ ಹಾಕಿಕೊಂಡಿದ್ದು, ಜಗಳ ಮಾತ್ರ ಕಲಬುರಗಿಯ ಯಾವ ಕಾಲೋನಿಗೆ ಹೋದರೂ ಸಿಗುತ್ತದೆ.

ಬಾಡಿಗೆದಾರರು ಎರಡು ವರ್ಷ ಇದ್ದು ಮನೆ ಖಾಲಿ ಮಾಡುತ್ತಿದ್ದಾರೆ. "ನಾ ಬಂದಾಗ 56,000 ಕೊಟ್ಟೀನ್ರಿ, ನನ್ನ ಅಡ್ವಾನ್ಸ್ ವಾಪಸ್ ಕೊಡ್ರಿ" ಎನ್ನುತ್ತಾರೆ. ಮಾಲೀಕರು ಪುಣೆಯಿಂದ ಫೋನಿನಲ್ಲಿ, "ನನಗ ಬಂದಿದ್ದು 51,000. ಬಾಡಿಗಿ, ಮೇಂಟೆನೆನ್ಸ್ ತಗದ್ರ 45,000 ಅಷ್ಟ ಅಡ್ವಾನ್ಸ್" ಎನ್ನುತ್ತಾರೆ. ಕರಾರು ತೆಗೆದು ನೋಡಿದರೆ 50,000 ಅಂತ ಇದೆ. ವಿಚಿತ್ರ ಏನೆಂದರೆ, ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಬೈಸಿಕೊಳ್ಳುವವರು ಮಾತ್ರ ನಡುವೆ ನಿಂತು ಮನೆ ನೋಡಿಕೊಳ್ಳುವವರು. ಅಂದರೆ ನೀವು.

ನಮ್ಮ ಊರಲ್ಲಿ ಈ ಕೆಲಸ ಈಗ ಜಾಸ್ತಿಯಾಗಿದೆ. ಮಾಲೀಕರು ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಇರುತ್ತಾರೆ. ಮನೆ ಇಲ್ಲಿ ಜೇವರ್ಗಿ ರೋಡಿನಲ್ಲೋ ಸೇಡಂ ರೋಡಿನಲ್ಲೋ ಇರುತ್ತದೆ. ಬಾಡಿಗೆಗೆ ಬರುವವರೂ ಬೇರೆ ಬೇರೆ ಊರಿನವರು. ವರ್ಗವಾಗಿ ಬಂದ ಬ್ಯಾಂಕಿನವರು, ಮೆಡಿಕಲ್ ಕಾಲೇಜಿನ ಪಿಜಿ ಡಾಕ್ಟರ್‌ಗಳು, ಹೈಕೋರ್ಟ್ ಪೀಠದಲ್ಲಿ ಪ್ರಾಕ್ಟೀಸ್ ಮಾಡುವ ವಕೀಲರು, ಓದುವ ಹುಡುಗರು. ಮೊದಲೆಲ್ಲ ಮಾಲೀಕರ ಸೋದರಳಿಯನೋ ಪಕ್ಕದ ಮನೆಯವರೋ ಚಾವಿ ಇಟ್ಟುಕೊಳ್ಳುತ್ತಿದ್ದರು. ಈಗ ಇದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ನೀವು ಹೊಸದಾಗಿ ಶುರು ಮಾಡಿದ್ದರೆ, ಮನೆಗೆ ಬರುವ ದಿನದ ರೊಕ್ಕವನ್ನು ಹೇಗೆ ಪಡೆಯಬೇಕು ಅಂತ ಇವತ್ತು ನೋಡೋಣ.

[ಪರದೆ: ಕಾಗದದ ಮೇಲೆ ಪೆನ್ನಿನಲ್ಲಿ ಲೆಕ್ಕ ಬರೆಯುತ್ತಿರುವ ಕೈ]

ಆ ಜಗಳದ ಲೆಕ್ಕ ಬಿಡಿಸೋಣ. ತಿಂಗಳ ಬಾಡಿಗೆ 12,000. ಡಿಪಾಸಿಟ್ 50,000. ಮೇಂಟೆನೆನ್ಸ್ 800. ಮನೆ ನೋಡಿ ಒಪ್ಪಿದ ದಿನ ಬಾಡಿಗೆದಾರರು 5,000 ಟೋಕನ್ ಕೊಟ್ಟರು. ಜೂನ್ 18ಕ್ಕೆ ಮನೆಗೆ ಬಂದರು. ಜೂನ್‌ಗೆ 30 ದಿನ, ದಿನಕ್ಕೆ 400 ರೂಪಾಯಿ. 18ರಿಂದ 30ರವರೆಗೆ, ಎರಡೂ ದಿನ ಸೇರಿ, 13 ದಿನ. ಅಲ್ಲಿಗೆ 5,200. ಮೇಂಟೆನೆನ್ಸ್ ಪೂರ್ತಿ 800. ಡಿಪಾಸಿಟ್‌ನಲ್ಲಿ ಟೋಕನ್ ಕಳೆದರೆ 45,000. ಒಟ್ಟು 51,000 ಮಾಲೀಕರ ಖಾತೆಗೆ ಹೋಯಿತು.

ಹಾಗಾದರೆ ಟೋಕನ್ 5,000 ಎಲ್ಲಿ? ಅದು ಮನೆ ನೋಡಿಕೊಳ್ಳುವವರ ಫೋನ್‌ಪೇಗೆ ಬಂದಿತ್ತು. ಅವರು ಅದರಲ್ಲಿ ನಲ್ಲಿ ರಿಪೇರಿ, ಕ್ಲೀನಿಂಗ್ ಮಾಡಿಸಿದರು. ಒಂದೂ ಚೀಟಿ ಇಲ್ಲ. ಬಾಡಿಗೆದಾರರು ತಾವು ಕೊಟ್ಟ ಎಲ್ಲವನ್ನೂ ಅಡ್ವಾನ್ಸ್ ಅಂತ ನೆನಪಿಟ್ಟುಕೊಂಡರು. ಮಾಲೀಕರು ಪಾಸ್‌ಬುಕ್ಕಿನಲ್ಲಿ ಕಂಡಿದ್ದನ್ನು ಮಾತ್ರ ನಂಬಿದರು.

ನಾನು ಈ ವಿಡಿಯೋದಲ್ಲಿ ಹೇಳುವುದು ಇಷ್ಟೇ. ರೊಕ್ಕ ಬಂದ ದಿನವೇ ಅದು ಯಾತರದ್ದು ಅಂತ ಬರೆದಿಡಿ. ಟೋಕನ್ ಎಷ್ಟು, ಡಿಪಾಸಿಟ್ ಎಷ್ಟು, ಎಷ್ಟು ದಿನದ ಬಾಡಿಗೆ, ಮೇಂಟೆನೆನ್ಸ್ ಎಷ್ಟು. "ಅಡ್ವಾನ್ಸ್ ಬಂತು" ಅಂತ ಒಂದೇ ಗಂಟು ಕಟ್ಟಬೇಡಿ. ಡಿಪಾಸಿಟ್ ಮುಂದೊಂದು ದಿನ ವಾಪಸ್ ಕೊಡಬೇಕಾದ ರೊಕ್ಕ. ಬಾಡಿಗೆ ಮಾಲೀಕರ ಆದಾಯ. ಎರಡನ್ನೂ ಕಲಸಿದರೆ ಬಿಡಿಸುವ ಹೊತ್ತಿಗೆ ಎಲ್ಲರ ನೆನಪೂ ಬೇರೆ ಬೇರೆ ಆಗಿರುತ್ತದೆ.

ಟೋಕನ್ ವಿಷಯದಲ್ಲಿ ಇನ್ನೊಂದು ಮಾತು. ಅವರು ಬರದೇ ಹೋದರೆ ಟೋಕನ್ ವಾಪಸ್ಸಾ, ಇಲ್ಲವಾ? ತಗೊಳ್ಳುವಾಗಲೇ ವಾಟ್ಸಾಪಿನಲ್ಲಿ ಒಂದು ಸಾಲು ಹಾಕಿ. "ಟೋಕನ್ 5,000 ಬಂದಿದೆ, ಡಿಪಾಸಿಟ್‌ನಲ್ಲಿ ಹಿಡಿಯುತ್ತೇವೆ. ಜೂನ್ 20ರ ಒಳಗೆ ಬರದಿದ್ದರೆ ಇಷ್ಟು ವಾಪಸ್." ಅವರಿಂದ ಒಂದು "ಓಕೆ" ಬರಲಿ. ಹಾಗೆಯೇ ಬಿಡುವಾಗ ಪೇಂಟಿಂಗ್‌ಗೆ ಡಿಪಾಸಿಟ್‌ನಿಂದ ಹಿಡಿಯುವ ಇರಾದೆ ಇದ್ದರೆ ಅದನ್ನೂ ಈಗಲೇ ಹೇಳಿ, ಕರಾರಿನಲ್ಲಿ ಬರೆಸಿ. ಬಿಡುವ ದಿನ ಹೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ?

[ಪರದೆ: ಯಾರ ಖಾತೆಗೆ?]

ರೊಕ್ಕ ಯಾರ ಖಾತೆಗೆ ಹೋಗಬೇಕು? ನನ್ನ ಉತ್ತರ ನೇರ. ಮಾಲೀಕರ ಖಾತೆಗೆ. ನಿಮ್ಮ ಸ್ವಂತ ಖಾತೆಗೆ ಬೇಡವೇ ಬೇಡ. ಹತ್ತು ಮನೆಯ ಡಿಪಾಸಿಟ್ ನಿಮ್ಮ ಉಳಿತಾಯ ಖಾತೆಯಲ್ಲಿ ಓಡಾಡಿದರೆ, ನಾಳೆ ಆದಾಯ ತೆರಿಗೆಯವರು ಕೇಳಿದಾಗ ಅದು ನಿಮ್ಮದಲ್ಲ ಅಂತ ತೋರಿಸುವ ಕೆಲಸ ನಿಮ್ಮ ತಲೆಗೇ ಬರುತ್ತದೆ. ನಿಮ್ಮ ಫೀಸನ್ನು ಮಾಲೀಕರಿಂದ ಬೇರೆಯಾಗಿ ತಗೊಳ್ಳಿ. ಎಷ್ಟೋ ಜನ ಡಿಪಾಸಿಟ್‌ನಲ್ಲಿ ತಮ್ಮ ಕಮಿಷನ್ ಮುರಿದುಕೊಂಡು ಉಳಿದದ್ದನ್ನು ಕಳಿಸುತ್ತಾರೆ. ಕೆಟ್ಟ ರೂಢಿ ಅದು.

ರಸೀದಿಗೆ ನೀವೇ ಸಹಿ ಹಾಕುವುದಾದರೆ ಮಾಲೀಕರಿಂದ ಒಂದು ಅಧಿಕಾರ ಪತ್ರ ಬರೆಸಿಕೊಳ್ಳಿ. ಮಾಲೀಕರು ದುಬೈ, ಅಮೆರಿಕದಲ್ಲಿ ಇರುವ ಎನ್‌ಆರ್‌ಐ ಆಗಿದ್ದರೆ ಲೆಕ್ಕ ಬೇರೆ. ಬಾಡಿಗೆ ಸಾಮಾನ್ಯವಾಗಿ ಅವರ ಎನ್‌ಆರ್‌ಒ ಖಾತೆಗೆ, ಅಂದರೆ ಎನ್‌ಆರ್‌ಐಗಳು ಇಲ್ಲಿನ ಆದಾಯಕ್ಕೆ ಇಟ್ಟುಕೊಳ್ಳುವ ಖಾತೆಗೆ, ಹೋಗುತ್ತದೆ. ಬಾಡಿಗೆದಾರರು ಟಿಡಿಎಸ್, ಅಂದರೆ ಬಾಡಿಗೆಯಲ್ಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಕೂಡ ಹಿಡಿಯಬೇಕಾಗುತ್ತದೆ. ಅಂಥ ಮನೆ ಸಿಕ್ಕರೆ ಮೊದಲು ಒಬ್ಬ ಸಿಎ ಹತ್ತಿರ ಹೋಗಿ ಬನ್ನಿ.

[ಪರದೆ: ಮೊಬೈಲ್ ಸ್ಕ್ರೀನ್‌ಶಾಟ್, ಹಸಿರು ಟಿಕ್ ಗುರುತು. ಅದರ ಮೇಲೆ ಕೆಂಪು ಪ್ರಶ್ನಾರ್ಥಕ ಚಿಹ್ನೆ]

ಇನ್ನು ಯುಪಿಐ. ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದವರೆಗೆ ಹೋಗುತ್ತದೆ, ಕೆಲವು ಬ್ಯಾಂಕುಗಳ ಮಿತಿ ಇನ್ನೂ ಕಡಿಮೆ. ಹೊಸ ಫೋನಿನಲ್ಲಿ ಯುಪಿಐ ಶುರು ಮಾಡಿದವರಿಗೆ ಮೊದಲ 24 ಗಂಟೆ 5,000ಕ್ಕಿಂತ ಜಾಸ್ತಿ ಹೋಗುವುದಿಲ್ಲ. ಬ್ಯಾಂಕ್ ಖಾತೆಗೆ ಹಾಕುವುದಾದರೂ ಹೊಸ ಹೆಸರು ಸೇರಿಸಿದ ಮೊದಲ ದಿನ ಹಲವು ಬ್ಯಾಂಕುಗಳು ದೊಡ್ಡ ಮೊತ್ತ ಬಿಡುವುದಿಲ್ಲ. ಹಾಗಾಗಿ ಖಾತೆಯ ವಿವರ ಸಾಮಾನು ಬರುವ ದಿನ ಕೊಡಬೇಡಿ. ಎರಡು ದಿನ ಮೊದಲೇ ಕೊಡಿ. ಒಂದು ರೂಪಾಯಿ ಹಾಕಿಸಿ, ಬಂತಾ ಅಂತ ಮಾಲೀಕರಿಗೆ ಕೇಳಿ. ಬಂದ ಮೇಲೆ ಉಳಿದದ್ದು ಹಾಕಲಿ. ನೆಫ್ಟ್ ಆದರೆ ರಾತ್ರಿ, ಭಾನುವಾರ ಕೂಡ ನಡೆಯುತ್ತದೆ. ಅರ್ಧ ಗಂಟೆಗೊಂದು ಬ್ಯಾಚ್ ಇರುವುದರಿಂದ ಸ್ವಲ್ಪ ಕಾಯಬೇಕು ಅಷ್ಟೇ. ಚೆಕ್ ಕೊಟ್ಟರೆ ಅದು ಕ್ಲಿಯರ್ ಆಗುವವರೆಗೆ ರೊಕ್ಕ ಬಂದಿಲ್ಲ ಅಂತಲೇ ತಿಳಿಯಿರಿ.

ಸ್ಕ್ರೀನ್‌ಶಾಟ್ ರೊಕ್ಕ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹಸಿರು ಟಿಕ್ ತೋರಿಸುವ ನಕಲಿ ಆಪ್‌ಗಳು ಇವೆ. ಬ್ಯಾಂಕಿನಿಂದ ಬಂದ ಹಾಗೆ ಕಾಣುವ ನಕಲಿ ಮೆಸೇಜೂ ಬರುತ್ತದೆ. ಯುಪಿಐ ರೆಫರೆನ್ಸ್ 12 ಅಂಕಿ ಇರುತ್ತದೆ. ಅದನ್ನು ಬರೆದುಕೊಂಡು ಮಾಲೀಕರಿಗೆ ಕಳಿಸಿ. ಅವರು ತಮ್ಮ ಬ್ಯಾಂಕ್ ಆಪ್ ತೆರೆದು, ಖಾತೆಯಲ್ಲಿ ಜಮಾ ಆಗಿದ್ದನ್ನು ನೋಡಿ ಹೇಳಲಿ.

ಇನ್ನೊಂದು ಆಟ ಇದೆ. "ನಾನು ಮಿಲಿಟರಿಯಲ್ಲಿದ್ದೇನೆ, ಕಲಬುರಗಿಗೆ ವರ್ಗ ಆಗಿದೆ, ಮನೆ ನೋಡುವುದೇ ಬೇಡ, ಈಗಲೇ ಡಿಪಾಸಿಟ್ ಹಾಕುತ್ತೇನೆ" ಅಂತ ಫೋನ್ ಬರುತ್ತದೆ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ರೊಕ್ಕ ಬರುತ್ತದೆ ಎನ್ನುತ್ತಾರೆ. ರೊಕ್ಕ ಬರಲು ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ನಿಮ್ಮದೇ ಹೋಗುತ್ತದೆ. ಹಾಗೆಯೇ "ತಪ್ಪಿ 5,000 ಬದಲು 50,000 ಹಾಕಿಬಿಟ್ಟೆ, 45,000 ವಾಪಸ್ ಹಾಕಿ" ಅಂದರೆ ಮೊದಲು ಖಾತೆ ನೋಡಿ. ಬಹಳ ಸಲ 5,000 ಕೂಡ ಬಂದಿರುವುದಿಲ್ಲ. ಮೋಸ ಆಗಿಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

[ಪರದೆ: 500ರ ನೋಟಿನ ಕಟ್ಟು]

"ನಮ್ದೆಲ್ಲ ನಗದಿ ವ್ಯವಹಾರ ಸರ್, ಎಣಿಸಿಕೋರಿ." ಗಂಜ್ ಕಡೆಯ ವ್ಯಾಪಾರಸ್ಥರು, ಹಳ್ಳಿಯಿಂದ ಮಕ್ಕಳನ್ನು ಓದಿಸಲು ಬಂದ ತಂದೆಯರು ಹೀಗೆ ಹೇಳುವುದು ಸಹಜ. ಆದರೆ ಆದಾಯ ತೆರಿಗೆ ಕಾನೂನಿನಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಡಿಪಾಸಿಟ್ ನಗದಾಗಿ ಪಡೆಯುವಂತಿಲ್ಲ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇವತ್ತು 19,000, ನಾಳೆ 19,000 ಅಂತ ತುಂಡು ಮಾಡಿದರೂ ಒಟ್ಟು ಸೇರಿಸಿಯೇ ನೋಡುತ್ತಾರೆ. ವಾಪಸ್ ಕೊಡುವಾಗಲೂ ಇದೇ ನಿಯಮ. ಕೊಡುವವರಿಗೆ ಇದನ್ನು ಮರ್ಯಾದೆಯಿಂದ ಹೇಳಿ. "ಕಾಕಾ, ನಿಮ್ಮ ಮೇಲೆ ಅನುಮಾನ ಅಲ್ಲ. ಬ್ಯಾಂಕಿನಾಗ ಹಾಕಿದ್ರ ನಾಳೆ ನಿಮಗ ವಾಪಸ್ ಕೇಳಲಿಕ್ಕೂ ಪುರಾವೆ ಇರ್ತದ." ಈ ಮಾತಿಗೆ ಬಹಳ ಜನ ಒಪ್ಪುತ್ತಾರೆ.

ಸಣ್ಣ ಮೊತ್ತ ನಗದು ತಗೊಂಡರೆ ಅಲ್ಲೇ ರಸೀದಿ ಕೊಡಿ. 5,000ಕ್ಕಿಂತ ಜಾಸ್ತಿ ಇದ್ದರೆ ಒಂದು ರೂಪಾಯಿ ರೆವಿನ್ಯೂ ಸ್ಟ್ಯಾಂಪ್ ಹಚ್ಚಿ, ಅದರ ಮೇಲೆ ಸಹಿ ಬರಲಿ.

[ಪರದೆ: ಅಪಾರ್ಟ್‌ಮೆಂಟ್ ಗೇಟು, ಸಾಮಾನು ತುಂಬಿದ ಟಾಟಾ ಏಸ್]

ಈಗ ಎಲ್ಲಕ್ಕಿಂತ ಕಷ್ಟದ ಗಳಿಗೆ. ಗೇಟಿನ ಮುಂದೆ ಗಾಡಿ ನಿಂತಿದೆ. ಮೇಲೆ ಮಂಚ, ಏರ್ ಕೂಲರ್, ಹಗ್ಗದಲ್ಲಿ ಕಟ್ಟಿದ ಹಾಸಿಗೆ. ಬಿಸಿಲು ಸುಡುತ್ತಿದೆ. ಗಾಡಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಮಗು ಅಳುತ್ತಿದೆ. ಬಾಡಿಗೆದಾರರು, "ಸರ್, ಈಗ 20,000 ಹಾಕೀನಿ. ಬಾಕಿದು ತೊಗರಿ ರಾಶಿ ಆದ ಮ್ಯಾಲ ಕೊಡ್ತೀನ್ರಿ, ಎಲ್ಲಿ ಓಡಿ ಹೋಗ್ತೀನಿ?" ಎನ್ನುತ್ತಾರೆ. ಜೂನ್‌ನಲ್ಲಿ ಹೇಳುವ ಮಾತು ಇದು. ತೊಗರಿ ರಾಶಿ ಆಗುವುದು ಡಿಸೆಂಬರ್, ಜನವರಿಗೆ!

ಚಾವಿ ಕೊಡಬೇಡಿ. ಕಟುವಾಗಿ ಕೇಳುತ್ತದೆ, ಗೊತ್ತು. ಆದರೆ ಒಮ್ಮೆ ಸಾಮಾನು ಒಳಗೆ ಹೋದರೆ ಆ ಮನೆ ಅವರ ವಶಕ್ಕೆ ಹೋದ ಹಾಗೆ. ರೊಕ್ಕ ಬಾಕಿ ಅಂತ ನೀವು ಬೀಗ ಜಡಿಯುವಂತಿಲ್ಲ, ನೀರು ಕರೆಂಟು ಕಡಿಯುವಂತಿಲ್ಲ. ಕೋರ್ಟಿಗೇ ಹೋಗಬೇಕು. ಹಾಗಾಗಿ ಬಾಕಿ ಮಾತುಕತೆ ಏನಿದ್ದರೂ ಗಾಡಿ ಬರುವ ಮೊದಲೇ ಆಗಬೇಕು. ಹಿಂದಿನ ದಿನ ಸಂಜೆಯ ಒಳಗೆ ಪೂರ್ತಿ ಜಮಾ ಆಗಿದ್ದರೆ ಮಾತ್ರ ಗಾಡಿ ಕಟ್ಟಿಸಿ ಅಂತ ಅವರಿಗೆ ತಿಳಿಸಿ. ಆಗ ಯಾರಿಗೂ ಬಿಸಿಲಲ್ಲಿ ನಿಲ್ಲುವ ಗತಿ ಬರುವುದಿಲ್ಲ.

ನಿಜವಾಗಿಯೂ ಒಳ್ಳೆಯವರು, ರೊಕ್ಕದ ಅಡಚಣೆ ಇದೆ ಅನಿಸಿದರೆ? ಕಂತು ಮಾಡುವ ತೀರ್ಮಾನ ಮಾಲೀಕರದ್ದು, ನಿಮ್ಮದಲ್ಲ. ಅವರು ಒಪ್ಪಿದರೆ ತಾರೀಖು, ಮೊತ್ತ ಎರಡನ್ನೂ ಕರಾರಿನಲ್ಲೇ ಬರೆಸಿ. ಅದಕ್ಕಿಂತ ಡಿಪಾಸಿಟನ್ನೇ ಕಡಿಮೆ ಮಾಡುವುದು ವಾಸಿ ಅಂತ ನನಗೆ ಅನಿಸುತ್ತದೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಡಿಪಾಸಿಟ್ ಎನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯ ಅಳವಡಿಸಿಕೊಂಡರಷ್ಟೇ ಲಾಗೂ. ಆದರೂ ಮಾಲೀಕರ ಜೊತೆ ಮಾತಾಡುವಾಗ ಉಪಯೋಗಕ್ಕೆ ಬರುತ್ತದೆ.

[ಪರದೆ: ಮೂವರು ಹುಡುಗರು, ಮೂರು ಫೋನ್]

ಹುಡುಗರಿಗೆ ಮನೆ ಕೊಡುವಾಗ ಇನ್ನೊಂದು ತಲೆನೋವು. ಒಬ್ಬ ಆಳಂದದವನು, ಒಬ್ಬ ಚಿಂಚೋಳಿಯವನು, ಒಬ್ಬ ಶಹಾಪುರದವನು. ಒಬ್ಬನದು ಅಪ್ಪನ ಖಾತೆಯಿಂದ, ಒಬ್ಬನದು ಮಾವನ ಖಾತೆಯಿಂದ, ಇನ್ನೊಬ್ಬ ಗೆಳೆಯನಿಂದ ಹಾಕಿಸುತ್ತಾನೆ. ಆರು ತಿಂಗಳಿಗೆ ಒಬ್ಬ ಬಿಟ್ಟು ಹೋಗುತ್ತಾನೆ, "ನನ್ನ ಪಾಲು ಕೊಡ್ರಿ" ಅಂತ ನಿಮ್ಮ ಹತ್ತಿರ ಬರುತ್ತಾನೆ. ಅವನ ಜಾಗಕ್ಕೆ ಬಂದವನು ಅವನಿಗೇ ಕೊಟ್ಟಿದ್ದೇನೆ ಎನ್ನುತ್ತಾನೆ. ಇದನ್ನು ತಪ್ಪಿಸಲು ಮೊದಲೇ ಎರಡರಲ್ಲಿ ಒಂದು ಆರಿಸಿಕೊಳ್ಳಿ. ಒಬ್ಬನೇ ಪೂರ್ತಿ ಹಾಕಲಿ, ವಾಪಸ್ಸೂ ಅವನಿಗೇ. ಇಲ್ಲವೇ ಮೂವರ ಹೆಸರು, ಮೂವರ ಪಾಲು, ರೊಕ್ಕ ಬಂದ ಖಾತೆ, ಎಲ್ಲವೂ ಕರಾರಿನಲ್ಲಿ ಬರಲಿ, ಯಾವ ಖಾತೆಯಿಂದ ಬಂತೋ ಅದೇ ಖಾತೆಗೆ ವಾಪಸ್ ಅಂತ ಸೇರಿಸಿ. ನನಗೆ ಮೊದಲನೆಯದೇ ಇಷ್ಟ.

[ಪರದೆ: ರಸೀದಿಯ ಮಾದರಿ]

ರಸೀದಿ ದೊಡ್ಡ ವಿದ್ಯೆ ಏನಲ್ಲ. ಪರದೆ ಮೇಲಿರುವುದನ್ನು ನೋಡಿ. ತಾರೀಖು, ಮನೆ ನಂಬರ್, ಯಾರಿಂದ, ಯಾರ ಪರವಾಗಿ, ರೆಫರೆನ್ಸ್ ನಂಬರ್. ಕೆಳಗೆ ಡಿಪಾಸಿಟ್ 50,000, ಅದರಲ್ಲಿ ಟೋಕನ್ 5,000 ಮೊದಲೇ ಬಂದಿದೆ. ಜೂನ್ 18ರಿಂದ 30ರ ಬಾಡಿಗೆ 5,200. ಮೇಂಟೆನೆನ್ಸ್ 800. ಮುಂದಿನ ಬಾಡಿಗೆ ಜುಲೈ 1ಕ್ಕೆ. ಇಷ್ಟು ಇದ್ದರೆ ಎರಡು ವರ್ಷದ ನಂತರ 56,000, 45,000 ಅನ್ನುವ ಮಾತೇ ಹುಟ್ಟುವುದಿಲ್ಲ. ನೌಕರಿಯಲ್ಲಿ ಇರುವವರು ಎಚ್‌ಆರ್‌ಎಗೆ, ಅಂದರೆ ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿಗೆ, ಮಾಲೀಕರ ಪ್ಯಾನ್ ಕೇಳುತ್ತಾರೆ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಕೊಡಲೇಬೇಕಾಗುತ್ತದೆ. ನಮ್ಮ ಉದಾಹರಣೆಯಲ್ಲಿ 1,44,000 ಆಗುತ್ತದೆ. ಹಾಗಾಗಿ ಮಾಲೀಕರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕೆಲವರು ಪ್ಯಾನ್ ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಯಾಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

[ಪರದೆ: ವಿದ್ಯುತ್ ಮೀಟರ್‌ನ ಫೋಟೋ]

ಕೊನೆಗೆ ಜೆಸ್ಕಾಂ ಮೀಟರ್. ಚಾವಿ ಕೊಡುವ ಮುಂಚೆ ಬಾಡಿಗೆದಾರರ ಎದುರಿಗೇ ಮೀಟರ್ ಫೋಟೋ ತೆಗೆದು ಇಬ್ಬರಿಗೂ ಕಳಿಸಿ. ಹಳೆಯವರ ಬಿಲ್ ಬಾಕಿ ಇದ್ದರೆ ಅವರ ಡಿಪಾಸಿಟ್ ವಾಪಸ್ ಕೊಡುವ ಮೊದಲೇ ಮುರಿದುಕೊಂಡಿರಬೇಕು, ಹೊಸಬರ ತಲೆಗೆ ಹಾಕಬೇಡಿ. ಗೃಹಜ್ಯೋತಿಯ 200 ಯೂನಿಟ್‌ವರೆಗಿನ ಉಚಿತ ಕರೆಂಟು ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಆ ಮನೆಯ ಕರೆಂಟ್ ಬಿಲ್ ಮೇಲಿನ ಆರ್‌ಆರ್ ನಂಬರಿಗೆ ಹಳೆ ಬಾಡಿಗೆದಾರರ ಆಧಾರ್ ಜೋಡಣೆ ಆಗಿದ್ದರೆ ಹೊಸಬರ ಅರ್ಜಿ ಹೋಗುವುದಿಲ್ಲ. ಹಳಬರು ಡಿ-ಲಿಂಕ್ ಮಾಡಿದ ಮೇಲೆಯೇ ಅವರ ಲೆಕ್ಕ ಮುಗಿಸಿ. ರೊಕ್ಕ ತಗೊಂಡು ಹೋದ ಮೇಲೆ ಅವರು ನಿಮ್ಮ ಫೋನ್ ಎತ್ತುತ್ತಾರಾ?

ಹಳಬರ ಡಿಪಾಸಿಟ್ ವಾಪಸ್ ಕೊಡುವಾಗ ಏನು ಹಿಡಿಯಬಹುದು, ಏನು ಹಿಡಿಯಬಾರದು ಅನ್ನುವುದು ಮುಂದಿನ ವಿಡಿಯೋದಲ್ಲಿ. ಗೋಡೆಗೆ ಹೊಡೆದ ಮೊಳೆಯಿಂದ ಶುರು ಮಾಡುತ್ತೇವೆ. ನಿಮ್ಮ ಕಡೆ ಪೇಂಟಿಂಗ್‌ಗೆ ಎಷ್ಟು ಮುರಿಯುತ್ತಾರೆ ಅಂತ ಕಮೆಂಟ್‌ನಲ್ಲಿ ಬರೆಯಿರಿ, ಅದನ್ನೂ ಸೇರಿಸಿ ಮಾತಾಡೋಣ.