ಗಂಟೆಗೆ ಎಷ್ಟು ಪುಟ?

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ಪಕ್ಕದಲ್ಲಿ ರೇಡಿಯೋ ಹಾಕಿಕೊಂಡು ಥೀಸಿಸ್ ಬರೆಯುತ್ತಾ ಕೂತವರು ಒಬ್ಬಿಬ್ಬರಾದರೂ ಇರುತ್ತೀರಿ. ಕೆಲವರು ಹಾಸ್ಟೆಲಿನಲ್ಲಿ ಇರುತ್ತೀರಿ. ಕೆಲವರು ಹಗಲೆಲ್ಲಾ ಕಾಲೇಜಿನಲ್ಲಿ ಪಾಠ ಮಾಡಿ, ಮಕ್ಕಳನ್ನು ಮಲಗಿಸಿ, ಆಮೇಲೆ ಬರೆಯಲು ಕೂರುತ್ತೀರಿ. ಇವತ್ತಿನ ಮಾತು ನಿಮ್ಮ ಜೊತೆ.

ನಾನು ಪ್ರೂಫ್ ನೋಡುವವನು. ಈಗ ಇಪ್ಪತ್ತೆರಡು ವರ್ಷ ಆಯಿತು. ಪಿಎಚ್.ಡಿ. ಮಹಾಪ್ರಬಂಧಗಳೇ ನನ್ನ ಕೈಗೆ ಜಾಸ್ತಿ ಬರುತ್ತವೆ. ಫೋನ್ ಮಾಡಿದವರ ಮೊದಲ ಮಾತು ಯಾವಾಗಲೂ ಒಂದೇ: "ಸರ್, ಪುಟಕ್ಕೆ ಎಷ್ಟು?"

ಈ ಪ್ರಶ್ನೆಯನ್ನು ಮೊದಲು ಕೇಳಬೇಡಿ ಅಂತ ಹೇಳುವುದಕ್ಕೇ ನಾನು ಇವತ್ತು ಬಂದಿದ್ದೇನೆ. ಮೊದಲು ಹೀಗೆ ಕೇಳಿ: "ಗಂಟೆಗೆ ಎಷ್ಟು ಪುಟ ನೋಡ್ತೀರಿ?"

ಯಾಕೆ ಅಂದರೆ, ನೀವು ಕೊಡುವುದು ಪುಟದ ಬೆಲೆ ಅಲ್ಲ, ಕಣ್ಣಿನ ಕೂಲಿ. ಸುಮ್ನೆ ಓದುವಾಗ ನಮ್ಮ ಕಣ್ಣು ಪದದ ಮೇಲೆ ಜಾರಿಕೊಂಡು ಹೋಗುತ್ತದೆ. ತಪ್ಪಿದ್ದರೂ ಮನಸ್ಸು ಸರಿಮಾಡಿಕೊಂಡೇ ಓದುತ್ತದೆ. ಪ್ರೂಫ್ ನೋಡುವವರು ಅಕ್ಷರ ಅಕ್ಷರವನ್ನೂ ನಿಲ್ಲಿಸಿ ನೋಡಬೇಕು. ಒತ್ತು ಸರಿಯಾಗಿದೆಯಾ? ಮಹಾಪ್ರಾಣ ಬಿಟ್ಟುಹೋಗಿದೆಯಾ? ಅಡಿಟಿಪ್ಪಣಿ 14 ಅಂತ ಇದೆ, ಕೆಳಗೆ ನಿಜವಾಗಲೂ 14 ಇದೆಯಾ? ಕೋಷ್ಟಕದಲ್ಲಿ ಕೂಡಿದ ಮೊತ್ತ ತಾಳೆ ಬೀಳುತ್ತದಾ? ಇಷ್ಟೂ ನೋಡಿದರೆ ಗಂಟೆಗೆ ಏಳು ಪುಟ ಆಗುತ್ತದೆ. ಬರವಣಿಗೆ ಚೊಕ್ಕಟವಾಗಿದ್ದರೆ ಎಂಟು. ಅದಕ್ಕಿಂತ ಓಡಿದರೆ ಅದು ಪ್ರೂಫ್ ನೋಡುವುದಲ್ಲ, ಪುಟ ತಿರುವುವುದು.

ಒಂದು ಸಂಗತಿ ಹೇಳುತ್ತೇನೆ, ಕೇಳಿ.

ಕೋಲಾರ ಕಡೆಯ ಒಬ್ಬ ಹುಡುಗಿ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ಅದು, ಕೆರೆಗಳನ್ನೇ ನಂಬಿಕೊಂಡು ಬಂದದ್ದು. ಅವಳ ಸಂಶೋಧನೆಯೂ ಕೆರೆಗಳ ಮೇಲೆಯೇ. ಊರೂರು ತಿರುಗಿ, ತೂಬು, ಕೋಡಿ, ಏರಿ ಎಲ್ಲಾ ಅಳೆದು, ನೀರು ಬಿಡುವ ನೀರುಗಂಟಿಗಳ ಜೊತೆ ಮಾತಾಡಿ 312 ಪುಟ ಬರೆದಿದ್ದಳು. ನನ್ನ ಮುಂದೆ ತಂದಿಟ್ಟಾಗ ಅದು ಬೈಂಡ್ ಆಗಿತ್ತು. ಕೆಂಪು ರೆಕ್ಸಿನ್ ರಟ್ಟು, ಮೇಲೆ ಚಿನ್ನದ ಬಣ್ಣದ ಅಕ್ಷರ. ಅಂಥ ಐದು ಪ್ರತಿ.

"ಬೈಂಡ್ ಆದಮೇಲೆ ನಾನೇನಮ್ಮ ಮಾಡಲಿ?" ಅಂದೆ. ಹುಡುಗಿ ಮಾತಾಡಲಿಲ್ಲ. ಒಂದು ಪುಟ ತೆಗೆದು ಬೆರಳಿಟ್ಟಳು. "240 ಎಕೆರೆ ಅಚ್ಚುಕಟ್ಟು" ಅಂತ ಇತ್ತು. ಎಕರೆ ಅಲ್ಲ, ಎಕೆರೆ. ಅವಳ ಗೈಡ್ ಪ್ರತಿ ಬಿಚ್ಚಿದ ಕೂಡಲೇ ಕಣ್ಣಿಗೆ ಬಿದ್ದದ್ದು ಇದು.

ಆಗಿದ್ದು ಇಷ್ಟೇ. ಟೈಪ್ ಮಾಡುವಾಗ ಹತ್ತಿಪ್ಪತ್ತು ಕಡೆ ಎತ್ವ ಬಿಟ್ಟುಹೋಗಿ ಕೆರೆ ಅನ್ನುವುದು "ಕರೆ" ಆಗಿತ್ತು. ಅವಳು ಪುಟಕ್ಕೆ 5 ರೂಪಾಯಿ ಅಂತ ಒಬ್ಬರಿಗೆ ಪ್ರೂಫ್ ನೋಡಲು ಕೊಟ್ಟಿದ್ದಳು. ಅವರು ಒಂದೇ ದಿನದಲ್ಲಿ ಮುಗಿಸಿದರು. ಹೇಗೆ? ಕಂಪ್ಯೂಟರಿಗೆ ಹೇಳಿದರು: ಎಲ್ಲೆಲ್ಲಿ "ಕರೆ" ಇದೆಯೋ ಅಲ್ಲೆಲ್ಲಾ "ಕೆರೆ" ಮಾಡು. ಅದು ಮಾಡಿತು. ಎಕರೆಯ ಒಳಗೂ "ಕರೆ" ಇದೆ, ಅಲ್ವಾ? ಎಕರೆ ಎಲ್ಲಾ ಎಕೆರೆ ಆಯಿತು. "ತೂಬು ಎಂದು ಕರೆಯುತ್ತಾರೆ" ಅನ್ನುವುದು "ಕೆರೆಯುತ್ತಾರೆ" ಆಯಿತು. ಕೃತಜ್ಞತೆಯ ಪುಟದಲ್ಲಿ "ಅಕ್ಕರೆಯಿಂದ ಓದಿಸಿದ ಅಮ್ಮನಿಗೆ" ಅಂತ ಬರೆದಿದ್ದಳು. ಅದು "ಅಕ್ಕೆರೆ" ಆಗಿತ್ತು. ಅದನ್ನು ತೋರಿಸುವಾಗ ಅವಳ ಕಣ್ಣಲ್ಲಿ ನೀರು ಬಂತು.

ಆದರೆ ಇವೆಲ್ಲಾ ಸುಲಭದ ತಪ್ಪುಗಳು, ಯಾರ ಕಣ್ಣಿಗಾದರೂ ಬೀಳುತ್ತವೆ. ನನ್ನನ್ನು ನಿಲ್ಲಿಸಿದ್ದು ಮೂರನೇ ಅಧ್ಯಾಯದ ಒಂದು ವಾಕ್ಯ. "ಗೌಡರ ಕೆರೆಗೆ ಜನ ಬಂದು ಹೂಳೆತ್ತಿದರು." ಓದಿ ನೋಡಿ, ಏನೂ ತಪ್ಪಿಲ್ಲ. ಯಾವ ಕಂಪ್ಯೂಟರೂ ಇದಕ್ಕೆ ಕೆಂಪು ಗೆರೆ ಹಾಕುವುದಿಲ್ಲ. ಆದರೆ ಎರಡು ಪುಟ ಹಿಂದೆ ಅವಳೇ ಬರೆದಿದ್ದಳು, ಈ ಕೆರೆ ಇಡೀ ಊರಿನದು, ಯಾರೊಬ್ಬರದ್ದೂ ಅಲ್ಲ ಅಂತ. ಅವಳನ್ನು ಕೇಳಿದೆ. ಅವಳು ಮೂಲದಲ್ಲಿ ಬರೆದದ್ದು "ಗೌಡರ ಕರೆಗೆ ಜನ ಬಂದು" ಅಂತ. ಗೌಡರು ಕರೆದರು, ಜನ ಬಂದರು. ಒಂದು ಎತ್ವ ಸೇರಿದ್ದಕ್ಕೆ ಊರಿನ ಕೆರೆ ಗೌಡರ ಪಾಲಾಗಿತ್ತು! ಅವಳ ಐದು ವರ್ಷದ ವಾದವೇ ತಲೆಕೆಳಗು.

312 ಪುಟ ಒಂದು ದಿನದಲ್ಲಿ. ಹತ್ತು ಗಂಟೆ ಕೂತರು ಅಂತಲೇ ಇಟ್ಟುಕೊಳ್ಳಿ, ಗಂಟೆಗೆ 31 ಪುಟ. ಪುಟಕ್ಕೆ ಎರಡು ನಿಮಿಷವೂ ಇಲ್ಲ. ಆ ಹುಡುಗಿ ಪುಟಕ್ಕೆ ಎಷ್ಟು ಅಂತ ಕೇಳಿದಳು. ಗಂಟೆಗೆ ಎಷ್ಟು ಪುಟ ಅಂತ ಕೇಳಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಈಗ ದುಡ್ಡಿನ ಲೆಕ್ಕ. ಅವರಿಗೆ ಕೊಟ್ಟದ್ದು 1,560 ರೂಪಾಯಿ. ಐದು ಪ್ರತಿ ಪ್ರಿಂಟ್, ಪುಟಕ್ಕೆ 2 ರೂಪಾಯಿಯಂತೆ 3,120. ಬೈಂಡಿಂಗ್ ಪ್ರತಿಗೆ 300, ಅಂದರೆ 1,500. ಒಟ್ಟು 6,180 ರೂಪಾಯಿ ನೀರಿನಲ್ಲಿ ಹೋಯಿತು. ನಾನು ಪುಟಕ್ಕೆ 20 ತೆಗೆದುಕೊಂಡೆ, 6,240 ಆಯಿತು. ವ್ಯತ್ಯಾಸ 60 ರೂಪಾಯಿ. ಕಳೆದ ದುಡ್ಡಿನಲ್ಲೇ ಮೊದಲ ಸಲ ಸರಿಯಾಗಿ ಮಾಡಿಸಬಹುದಿತ್ತು. 20 ರೂಪಾಯಿ ಜಾಸ್ತಿ ಅನ್ನುವವರಿಗೆ ಹೇಳುತ್ತೇನೆ, ಗಂಟೆಗೆ ಏಳು ಪುಟದ ಲೆಕ್ಕದಲ್ಲಿ ಅದು ಗಂಟೆಗೆ 140 ರೂಪಾಯಿ. ರಟ್ಟಿನ ಮೇಲಿನ ಚಿನ್ನದ ಅಕ್ಷರಕ್ಕೆ ಚೌಕಾಸಿ ಮಾಡದವರು ಒಳಗಿನ ಅಕ್ಷರಕ್ಕೆ ಯಾಕೆ ಮಾಡುತ್ತೀರಿ?

ಸಮಯ ಹತ್ತಿರ ಬಂತು ಅಂತ ಒಳಗಿನಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

300 ಪುಟ ಅಂದರೆ 43 ಗಂಟೆ ಕೆಲಸ. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕಣ್ಣು ಚುರುಕಾಗಿ ಇರುವುದಿಲ್ಲ. ಅಲ್ಲಿಗೆ ಒಂಬತ್ತು ದಿನ ಬೇಕು. ಹಾಗಾಗಿ ಸಲ್ಲಿಸುವ ವಾರದಲ್ಲಿ ಓಡಿ ಬರಬೇಡಿ. ಒಂದೊಂದು ಅಧ್ಯಾಯ ಮುಗಿದ ಹಾಗೆ ಕೊಡುತ್ತಾ ಬನ್ನಿ. ಅರ್ಜೆಂಟ್ ಅಂದರೆ ದರವೂ ಏರುತ್ತದೆ, ತಪ್ಪೂ ಉಳಿಯುತ್ತದೆ.

"ನುಡಿ" ಅನ್ನುವ ಹಳೆಯ ಕನ್ನಡ ಫಾಂಟಿನಿಂದ, ಈಗ ಎಲ್ಲಾ ಕಡೆ ನಡೆಯುವ ಯುನಿಕೋಡಿಗೆ ಬದಲಾಯಿಸುವುದಿದ್ದರೆ, ಬದಲಾಯಿಸಿದ ಮೇಲೆ ಪ್ರೂಫಿಗೆ ಕೊಡಿ. ಮೊದಲು ತಿದ್ದಿಸಿ ಆಮೇಲೆ ಬದಲಾಯಿಸಿದರೆ ಅರ್ಕಾವೊತ್ತುಗಳು ಮತ್ತೆ ಚೆದುರುತ್ತವೆ, ದುಡ್ಡು ಎರಡು ಸಲ.

ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್ ಇರುವವರು, ಅದರ ಜೊತೆ ಬಿಡಿ ಖರ್ಚಿಗೆ ಅಂತ ಬರುವ ಕಾಂಟಿಂಜೆನ್ಸಿ ಹಣದಲ್ಲಿ ಈ ಖರ್ಚು ಹಾಕಲು ಬರುತ್ತದೆಯೇ ಅಂತ ಆಫೀಸಿನಲ್ಲಿ ಮೊದಲೇ ಕೇಳಿ, ರಸೀದಿ ಇಟ್ಟುಕೊಳ್ಳಿ. ಮತ್ತೆ, ಥೀಸಿಸ್ ಈಗ ಮೊದಲಿನ ಹಾಗೆ ಲೈಬ್ರರಿಯ ಬೀರುವಿನಲ್ಲಿ ಕೂರುವುದಿಲ್ಲ. ದೇಶದ ಥೀಸಿಸ್‌ಗಳನ್ನೆಲ್ಲಾ ಇಂಟರ್ನೆಟ್‌ನಲ್ಲಿ ಇಡುವ ಶೋಧಗಂಗಾದಲ್ಲಿ ಹಾಕಿದರೆ ಯಾರು ಬೇಕಾದರೂ ತೆರೆದು ಓದಬಹುದು.

ಕೊನೆಯದಾಗಿ, ದರ ಮಾತಾಡುವ ಮೊದಲು ಎರಡು ಪುಟ ಕೊಟ್ಟು ನೋಡಿ. ಮುನ್ನುಡಿಯದ್ದಲ್ಲ, ನಡುವಿನದ್ದು. ಹಳ್ಳಿಯವರ ಮಾತು ಹಾಗೇ ಬರೆದುಕೊಂಡ ಪುಟ ಇದ್ದರೆ ಅದನ್ನೇ ಕೊಡಿ. ನಮ್ಮ ಹುಡುಗಿಯ ನೀರುಗಂಟಿ ಅಜ್ಜ "ತೂಬೆತ್ತಿ ನೀರ್ ಬುಟ್ಟೆ" ಅಂದಿದ್ದ. ಒಂದೇ ದಿನದಲ್ಲಿ ಮುಗಿಸಿದವರು ಅದನ್ನು "ನೀರು ಬಿಟ್ಟೆ" ಅಂತ ತಿದ್ದಿಬಿಟ್ಟಿದ್ದರು. ನೀವು ಕೊಟ್ಟ ಪುಟದಲ್ಲಿ "ಬುಟ್ಟೆ" ಹಾಗೇ ಉಳಿದು ವಾಪಸ್ ಬಂದರೆ, ಅವರ ಹತ್ತಿರ ಗಂಟೆಗೆ ಎಷ್ಟು ಪುಟ ಅಂತ ಕೇಳಿ. ಏಳು, ಎಂಟು ಅಂದರೆ ಧೈರ್ಯವಾಗಿ ಪೂರ್ತಿ ಕೊಡಿ.

ನಮಸ್ಕಾರ.