ತೂತು ಬಾವುಟ: ಟೊರೊಂಟೊದಲ್ಲಿ ಹಂಗೆರಿಯವರ ಅಕ್ಟೋಬರ್ 23

ಈಗ ಸ್ಕ್ರೀನ್ ಮೇಲೆ ಬರ್ತಿರೋ ಬಾವುಟ ನೋಡಿ, ಕೆಂಪು ಬಿಳಿ ಹಸಿರು ಅಡ್ಡ ಪಟ್ಟೆ, ಮಧ್ಯದಲ್ಲಿ ಒಂದು ದೊಡ್ಡ ತೂತು. ಹಳೇದಾಗಿ ಹರಿದಿದ್ದಲ್ಲ, ಬೇಕಂತಲೇ ಕತ್ತರಿಸಿರೋದು. 1956ರಲ್ಲಿ ಹಂಗೆರಿ ಬಾವುಟದ ನಟ್ಟನಡುವೆ ಸೋವಿಯತ್ ಸ್ಟೈಲಿನ ಲಾಂಛನ ಇರ್ತಿತ್ತು, ಸುತ್ತಿಗೆ, ಗೋಧಿ ತೆನೆ, ಮೇಲೊಂದು ಕೆಂಪು ನಕ್ಷತ್ರ. ಆ ಅಕ್ಟೋಬರ್‌ನಲ್ಲಿ ಜನ ಅದಷ್ಟನ್ನೇ ಕತ್ತರಿಸಿ ಬಿಸಾಕಿ, ಉಳಿದ ಬಟ್ಟೇನ ಹಿಡ್ಕೊಂಡು ಬೀದಿಗೆ ಬಂದ್ರು. ಇವತ್ತಿಗೂ ಹಂಗೆರಿಯವರು ಅಕ್ಟೋಬರ್ 23 ಆಚರಿಸೋ ಕಡೆ ಈ ತೂತು ಬಾವುಟ ಇರುತ್ತೆ.

ಇದು ಟೊರೊಂಟೊ, ಒಂಟಾರಿಯೊ ಸರೋವರದ ದಡ, ಸನ್ನಿಸೈಡ್ ಹತ್ರ ಇರೋ ಬುಡಾಪೆಸ್ಟ್ ಪಾರ್ಕ್. ಹಿಂದೆ ಗುಯ್ ಅಂತಿರೋದು ಗಾಳಿ, ಅದರ ಹಿಂದೆ ಲೇಕ್ ಶೋರ್ ರೋಡ್ ಟ್ರಾಫಿಕ್ಕು, ಏನೇನೋ ಫಿಲ್ಟರ್ ಹಾಕಿದೆ ಹೋಗ್ಲಿಲ್ಲ, ಅದಕ್ಕೇ ವಾಯ್ಸ್‌ಓವರ್ ಕೊಡ್ತಿದೀನಿ. ನನ್ನ ಕೆಲಸದ ಕಡೆ ಪರಿಚಯ ಆದ ಒಬ್ಬರು ಹಂಗೆರಿ ಮೂಲದವರು, ಅವರ ಅಮ್ಮನ್ನ ಕರ್ಕೊಂಡು ಬರ್ತಿದೀನಿ ನೀನೂ ಬಾ ಅಂದ್ರು, ಹೋದೆ.

ಕಥೆ ಗೊತ್ತಿಲ್ಲದವರಿಗೆ ಫಾಸ್ಟಾಗಿ ಹೇಳ್ಬಿಡ್ತೀನಿ. ಹಂಗೆರಿ ಆಗ ಸೋವಿಯತ್ ಹಿಡಿತದಲ್ಲಿತ್ತು. 1956 ಅಕ್ಟೋಬರ್ 23, ರಾಜಧಾನಿ ಬುಡಾಪೆಸ್ಟ್ ವಿದ್ಯಾರ್ಥಿಗಳು 16 ಬೇಡಿಕೆಗಳ ಪಟ್ಟಿ ಇಟ್ಕೊಂಡು ಮೆರವಣಿಗೆ ಹೊರಟ್ರು, ಸೋವಿಯತ್ ಸೈನ್ಯ ವಾಪಸ್ ಹೋಗ್ಬೇಕು, ಸುಧಾರಣೆ ಪರ ಇದ್ದ ಕಮ್ಯುನಿಸ್ಟ್ ನಾಯಕ ಇಮ್ರೆ ನಾಜ್ ಪ್ರಧಾನಿ ಆಗ್ಬೇಕು, ಸರಿಯಾದ ಚುನಾವಣೆ ನಡೀಬೇಕು, ಹೀಗೆ. ಸಂಜೆ ಹೊತ್ತಿಗೆ ಇಡೀ ಊರೇ ಬೀದೀಲಿ. ಒಂದು ಗುಂಪು ನಮ್ಮ ಬೇಡಿಕೆ ರೇಡಿಯೋದಲ್ಲಿ ಓದಿ ಅಂತ ರೇಡಿಯೋ ಕಟ್ಟಡದ ಮುಂದೆ ಕೂತ್ಕೊಳ್ತು, ಅಲ್ಲಿ ರಹಸ್ಯ ಪೊಲೀಸ್ನೋರು ಗುಂಡು ಹಾರಿಸಿದ್ರು. ಇನ್ನೊಂದು ಗುಂಪು ಸ್ಟಾಲಿನ್ನಿನ ದೈತ್ಯ ಕಂಚಿನ ಪ್ರತಿಮೇನ ಕೆಡವ್ತು, ಕಾಲಿನ ಬೂಟು ಮಾತ್ರ ಪೀಠದ ಮೇಲೇ ಅಂಟ್ಕೊಂಡು ಉಳೀತು, ಜನ ಅದರೊಳಗೂ ಬಾವುಟ ಸಿಗಿಸಿದ್ರಂತೆ. ನನಗೆ ಈ ಇಡೀ ಇತಿಹಾಸದಲ್ಲಿ ತುಂಬಾ ಇಷ್ಟ ಆದ ವಿಷಯ ಆ ಬೂಟೇ.

ಆಮೇಲಿಂದು ಇಷ್ಟ ಆಗೋ ತರದ್ದಲ್ಲ. ನಾಜ್ ಪ್ರಧಾನಿ ಆದ್ರು, ನವೆಂಬರ್ 1ಕ್ಕೆ ಸೋವಿಯತ್ ಬಣದ ಮಿಲಿಟರಿ ಕೂಟ ವಾರ್ಸಾ ಒಪ್ಪಂದದಿಂದ ಹೊರಗೆ ಬರ್ತೀವಿ ಅಂತ ಘೋಷಣೆನೂ ಮಾಡಿದ್ರು, ನವೆಂಬರ್ 4ರ ಬೆಳಗಿನ ಜಾವ ಸೋವಿಯತ್ ಟ್ಯಾಂಕುಗಳು ಊರೊಳಗೆ ನುಗ್ಗಿದ್ವು. ಸುಮಾರು 2,500 ಹಂಗೆರಿಯನ್ನರು ಸತ್ರು, ಎರಡು ಲಕ್ಷದಷ್ಟು ಜನ ದೇಶ ಬಿಟ್ರು. ನಾಜ್ ಅವರನ್ನ 1958ರಲ್ಲಿ ಗಲ್ಲಿಗೇರಿಸಿದ್ರು.

ಪಾರ್ಕಲ್ಲಿರೋ ಆ ಬಂಡಾಯದ ಸ್ಮಾರಕ ಮಾಡಿದ್ದು ವಿಕ್ಟರ್ ಟೋಲ್ಗೆಶಿ ಅಂತ ಶಿಲ್ಪಿ, ಅವರೂ ಹಂಗೆರಿಯಿಂದ ಬಂದವರೇ. ನಿಲ್ಲಿಸಿದ್ದು 1966ರಲ್ಲಿ, ಬಂಡಾಯಕ್ಕೆ ಹತ್ತು ವರ್ಷ ಆದಾಗ. ಈ 1966 ಅನ್ನೋದನ್ನ ಸ್ವಲ್ಪ ಗಮನಿಸಿ, ಯಾಕಂದ್ರೆ ಆ ವರ್ಷ ಬುಡಾಪೆಸ್ಟಲ್ಲಿ ಯಾರಾದ್ರೂ ಹೀಗೆ ಹೂವಿಟ್ಟು ನಿಂತಿದ್ರೆ ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋಗ್ಬೇಕಿತ್ತು. ನಾಜ್ ಜಾಗದಲ್ಲಿ ಸೋವಿಯತ್‌ನೋರು ಕೂರಿಸಿದ ಕಾದಾರ್ ಸರ್ಕಾರ ಆ ಬಂಡಾಯಾನ ಪ್ರತಿಕ್ರಾಂತಿ ಅಂತ ಕರೀತಿತ್ತು, ಸ್ಕೂಲಲ್ಲಿ ಹಾಗೇ ಪಾಠ, ನಾಜ್ ಅವರನ್ನ ಗುರುತಿಲ್ಲದ ಗುಂಡಿಯಲ್ಲಿ ಹೂತಿದ್ರು. 1989 ಜೂನ್ 16ಕ್ಕೆ ಅವರಿಗೆ ಮರ್ಯಾದೆಯಿಂದ ಮತ್ತೆ ಅಂತ್ಯಸಂಸ್ಕಾರ ಆಯ್ತು, ಅದೇ ವರ್ಷ ಅಕ್ಟೋಬರ್ 23ಕ್ಕೆ ಹಂಗೆರಿ ಗಣರಾಜ್ಯ ಅಂತ ಘೋಷಣೆ ಆಯ್ತು. ಅಂದ್ರೆ ಮಧ್ಯದ 33 ವರ್ಷ ಈ ದಿನಾನ ಬಹಿರಂಗವಾಗಿ ನೆನೆಸ್ಕೊಂಡಿದ್ದು ಟೊರೊಂಟೊ, ಕ್ಲೀವ್‌ಲ್ಯಾಂಡ್, ಮೆಲ್ಬೋರ್ನ್ ಇಂಥ ಕಡೆ ಇದ್ದವರು. ವಲಸೆ ಬಂದವರು ಹಳೇದನ್ನ ಹಿಡ್ಕೊಂಡು ಕೂತಿರ್ತಾರೆ ಅಂತ ನಾವು ಆಡ್ಕೊಳ್ತೀವಲ್ಲ, ನಮ್ಮ ಕನ್ನಡ ಸಂಘಗಳ ಬಗ್ಗೆ ನಾನೇ ಎಷ್ಟೋ ಸಲ ಹಾಗೆ ಮಾತಾಡಿದೀನಿ, ಆದ್ರೆ ಇಲ್ಲಿ ಇವರು ಹಿಡ್ಕೊಂಡಿದ್ದು ಊರಲ್ಲಿ ಬಾಯಿ ಬಿಡಂಗಿಲ್ಲದ ವಿಷಯಾನ.

ಈಗ ಬೆಂಚ್ ಮೇಲೆ ಕೂತಿರೋರು, ಮುಖ ತೋರಿಸ್ಬೇಡ ಅಂದಿದ್ದಕ್ಕೆ ಕೈ ಮಾತ್ರ ಶೂಟ್ ಮಾಡಿದೀನಿ, ಇವರೇ ಆ ಅಮ್ಮ, ನನಗೆ ಅಜ್ಜಿ ಅನ್ನೋದೇ ಸರಿ ಅನ್ಸುತ್ತೆ. 1956ರಲ್ಲಿ ಸಣ್ಣ ಹುಡುಗಿ. ನವೆಂಬರ್ ರಾತ್ರಿ, ಕೆಸರು ಗದ್ದೆ, ಆಸ್ಟ್ರಿಯಾ ಗಡಿ ಕಡೆ ನಡೀತಿದ್ದಾರೆ, ಅಜ್ಜಿಯ ತಮ್ಮ ಆಗಿನ್ನೂ ಎಳೆ ಕೂಸು, ಅವನು ಅತ್ರೆ ಎಲ್ಲರೂ ಸಿಕ್ಕಿಬೀಳ್ತಾರೆ ಅಂತ ಅವರಮ್ಮ ನಿದ್ದೆ ಮಾತ್ರೆ ಕೊಟ್ಟಿದ್ರಂತೆ. ಆಚೆ ಮುಟ್ಟಿದ ಮೇಲೂ ಮಗು ಏಳ್ತಿಲ್ಲ, ಅಮ್ಮ ಕೆನ್ನೆ ತಟ್ತಾ ಇದ್ರು ತಟ್ತಾ ಇದ್ರು ಅಂತ ಅಜ್ಜಿ ಎರಡೆರಡು ಸಲ ಹೇಳಿದ್ರು. ಎದ್ದ ಬಿಡಿ, ಆ ತಮ್ಮ ಈಗ ಹ್ಯಾಮಿಲ್ಟನ್ನಲ್ಲಿ ಮೊಮ್ಮಕ್ಕಳ ಜೊತೆ ಆರಾಮಾಗಿದಾರೆ.

ಕೆನಡಾ ಆಗ 37 ಸಾವಿರಕ್ಕೂ ಹೆಚ್ಚು ಹಂಗೆರಿಯನ್ನರನ್ನ ತಗೊಳ್ತು. ಇಮಿಗ್ರೇಷನ್ ಮಂತ್ರಿ ಜ್ಯಾಕ್ ಪಿಕರ್ಸ್‌ಗಿಲ್ ಖುದ್ದು ವಿಯೆನ್ನಾಗೇ ಹೋದ್ರು, ಪ್ರಯಾಣದ ಖರ್ಚೂ ಸರ್ಕಾರದ್ದೇ. ಇನ್ನೊಂದು ಮಜಾ ಏನಂದ್ರೆ ಶೋಪ್ರೋನ್ ಅನ್ನೋ ಊರಿನ ಅರಣ್ಯ ಕಾಲೇಜು, ಮೇಷ್ಟ್ರು ವಿದ್ಯಾರ್ಥಿಗಳು ಸೇರಿ ದೊಡ್ಡ ಗುಂಪೇ ಗಡಿ ದಾಟಿ ವ್ಯಾಂಕೂವರ್‌ಗೆ ಬಂದು ಅಲ್ಲಿನ ಯೂನಿವರ್ಸಿಟಿಲಿ ಹಂಗೇರಿಯನ್ ಭಾಷೇಲೇ ಕೋರ್ಸ್ ಮುಗಿಸ್ತು. ಇಲ್ಲಿ ಟೊರೊಂಟೊದಲ್ಲಿ ಬ್ಲೂರ್ ಸ್ಟ್ರೀಟ್ ಉದ್ದಕ್ಕೂ ಹಂಗೇರಿಯನ್ ಹೋಟ್ಲುಗಳು ಎದ್ವು, ಗೂಲಾಷ್ ಅಂದ್ರೆ ಹಂಗೆರಿಯ ಮಾಂಸದ ಸಾರು, ಸೋವಿಯತ್ ಸೆರೆ ಶಿಬಿರಗಳ ಬಗ್ಗೆ ಇರೋ ಗುಲಾಗ್ ಆರ್ಕಿಪೆಲಾಗೋ ಪುಸ್ತಕದ ಹೆಸರನ್ನ ತಮಾಷೆಗೆ ತಿರುಚಿ ಗೂಲಾಷ್ ಆರ್ಕಿಪೆಲಾಗೋ ಅಂತ ಆ ಜಾಗಕ್ಕೆ ಅಡ್ಡಹೆಸರೇ ಬಿದ್ದಿತ್ತು, ಈಗ ಅಲ್ಲಿ ಹೋದ್ರೆ ಕೊರಿಯನ್, ಜಪಾನೀಸ್ ಅಂಗಡಿಗಳೇ ಜಾಸ್ತಿ.

ಕಾರ್ಯಕ್ರಮ ಚಿಕ್ಕದು. ಹೂವಿನ ಚಕ್ರ ಇಟ್ರು, ರಾಷ್ಟ್ರಗೀತೆ ಹಾಡಿದ್ರು, ಸ್ಕೌಟ್ ಡ್ರೆಸ್ ಹಾಕಿದ್ದ ಮಕ್ಕಳು ಪದ್ಯ ಓದಿದ್ರು, ಒಬ್ಬ ಹುಡುಗ ಮಧ್ಯ ಮರ್ತು ಅಮ್ಮನ ಕಡೆ ನೋಡಿದ, ಆ ಕ್ಲಿಪ್ ಹಾಕಿಲ್ಲ ಪಾಪ. ಭಾಷಣ ಮಾತ್ರ ಉದ್ದ, ಅದರಲ್ಲಿ ನಮಗೂ ಅವರಿಗೂ ವ್ಯತ್ಯಾಸ ಏನಿಲ್ಲ. ಆಮೇಲೆ ಥರ್ಮಾಸಲ್ಲಿ ಟೀ, ಜೊತೆಗೆ ಪೊಗಾಚಾ, ನಮ್ಮ ಅಯ್ಯಂಗಾರ್ ಬೇಕರಿ ಖಾರಾ ಬಿಸ್ಕತ್ತಿಗೆ ದಪ್ಪ ಮೈ ಬಂದಂಗಿರುತ್ತೆ, ಚೀಸ್ ಹಾಕಿರೋದು ಸೂಪರ್.

ಅಲ್ಲೇ ಒಬ್ಬರು ತಾತ ನನ್ನನ್ನ ಇಂಡಿಯಾನಾ ಅಂತ ಕೇಳಿ, ಹೌದು ಅಂದ ತಕ್ಷಣ, ನಿಮ್ಮ ನೆಹರೂ ನಮ್ಮ ಕೈ ಬಿಟ್ರು ಅಂದ್ಬಿಟ್ರು. ನಗ್ತಾನೇ ಅಂದ್ರು, ಆದ್ರೂ ಚುರುಕ್ಕಂತು. ಮನೆಗೆ ಬಂದು ಓದಿದೆ, ಅವರು ಹೇಳಿದ್ದು ಸುಳ್ಳಲ್ಲ. ಅದೇ ಹೊತ್ತಿಗೆ ಸೂಯೆಜ್ ಕಾಲುವೆ ವಿಷಯದಲ್ಲಿ ಈಜಿಪ್ಟ್ ಮೇಲೆ ದಾಳಿ ಮಾಡಿದ ಬ್ರಿಟನ್, ಫ್ರಾನ್ಸನ್ನ ಜೋರಾಗಿ ಬೈದ ಭಾರತ ಹಂಗೆರಿ ವಿಷಯ ಬಂದಾಗ ತಡವರಿಸ್ತು, ನವೆಂಬರ್ 9ಕ್ಕೆ ವಿಶ್ವಸಂಸ್ಥೆ ಉಸ್ತುವಾರೀಲಿ ಹಂಗೆರಿಯಲ್ಲಿ ಚುನಾವಣೆ ಆಗ್ಲಿ ಅನ್ನೋ ನಿರ್ಣಯಕ್ಕೆ ವಿರುದ್ಧವಾಗೇ ವೋಟ್ ಹಾಕ್ತು, ಜಯಪ್ರಕಾಶ ನಾರಾಯಣರೇ ನೆಹರೂನ ಟೀಕಿಸಿದ್ರು. ಆದ್ರೆ ಕಥೆಗೆ ಇನ್ನೊಂದು ಮುಖಾನೂ ಇದೆ. ಬುಡಾಪೆಸ್ಟಲ್ಲಿದ್ದ ಭಾರತದ ರಾಯಭಾರ ಅಧಿಕಾರಿ ಎಂ.ಎ. ರಹಮಾನ್, ಅಲ್ಲಿನ ವಿರೋಧಿ ಬರಹಗಾರರ ಜೊತೆ ಸಂಪರ್ಕ ಇಟ್ಕೊಂಡು ಅವರ ಸಂಧಾನದ ಪ್ರಸ್ತಾಪ ದೆಹಲಿಗೆ ಮುಟ್ಟಿಸ್ತಿದ್ರು. ಅವರಲ್ಲಿ ಒಬ್ಬರು ಆರ್ಪಾದ್ ಗೊಂಟ್ಸ್, ಜೀವಾವಧಿ ಶಿಕ್ಷೆ ಆಯ್ತು, ಗಲ್ಲು ತಪ್ಪಿದ್ದಕ್ಕೆ ಭಾರತ ತೆರೆಮರೆಯಲ್ಲಿ ಹೇಳಿದ ಮಾತೂ ಕಾರಣ ಅಂತಾರೆ, ಆ ಮನುಷ್ಯ 1990ರಲ್ಲಿ ಹಂಗೆರಿಯ ರಾಷ್ಟ್ರಪತಿ ಆದ್ರು. ತಾತ ಮತ್ತೆ ಸಿಕ್ಕಿದ್ರೆ ಇದನ್ನ ಹೇಳ್ಬೇಕು, ಗೊತ್ತಿರುತ್ತೆ ಅವರಿಗೆ, ಆದ್ರೂ.

ಕೊನೇಗೆ ಟೀ ಕುಡೀತಾ ಒಂದು ಸಣ್ಣ ಜಗಳಾನೇ ಆಯ್ತು, ರೆಕಾರ್ಡ್ ಮಾಡಿಲ್ಲ. 2015ರಲ್ಲಿ ಸಿರಿಯಾ ಕಡೆಯಿಂದ ಜನ ಬಂದಾಗ ಹಂಗೆರಿ ಸರ್ಕಾರ ಸೆರ್ಬಿಯಾ ಗಡಿಗೆ ಬೇಲಿ ಹಾಕ್ತಲ್ಲ, ಅಜ್ಜಿ ಮಗ ಅಂದ್ರು, ಆಸ್ಟ್ರಿಯಾದವರು ಆವತ್ತು ಬೇಲಿ ಹಾಕಿದ್ರೆ ನಾನು ಹುಟ್ತಾನೇ ಇರ್ಲಿಲ್ಲ. ಇನ್ನೊಬ್ಬರು ಅದೇ ಬೇರೆ ಇದೇ ಬೇರೆ ಅಂತ ರೇಗಿದ್ರು. ನನಗೆ ಮಗ ಹೇಳಿದ್ದೇ ಸರಿ ಅನ್ನಿಸ್ತು, ಆದ್ರೆ ನಾನು ಅತಿಥಿ, ಬಾಯಿ ಮುಚ್ಕೊಂಡು ಇನ್ನೊಂದು ಪೊಗಾಚಾ ತಗೊಂಡೆ. ಅಜ್ಜಿ ಇಬ್ಬರಿಗೂ ಹಂಗೇರಿಯನ್ನಲ್ಲಿ ಏನೋ ಗದರಿದ್ರು, ಏನಂದ್ರು ಅಂತ ಮಗನ್ನ ಕೇಳಿದ್ರೆ, ಕಾರ್ ಸ್ಟಾರ್ಟ್ ಮಾಡು ಚಳಿ ಆಗ್ತಿದೆ ಅಂದ್ರಂತೆ.